ಹನ್ನೊಂದೂವರೆ ಕೆಜಿ ಮಗಳು, ಅಟ್ಟೂರಿನ ದಾರಿ

ತೆಳ್ಳಗಿನ ಮಗುವನ್ನು ಎತ್ತಿಕೊಂಡು ಹೋದರೆ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ದಪ್ಪ ಮಗುವನ್ನು ಎತ್ತಿಕೊಂಡು ಹೊರಟು ನೋಡಿ, ಮೂಲೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ, ಮನೆ ಸೇರುವುದರೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ನನಗೆ ಹೀಗೆ ಹೆಚ್ಚುಕಡಿಮೆ ಒಂದು ವರ್ಷ ಆಗುತ್ತಲೇ ಇತ್ತು.

ಎಂಬತ್ತರ ದಶಕದ ಶುರು. ಆರ್.ಟಿ. ನಗರದಲ್ಲಿ ಬಾಡಿಗೆ ಮನೆ. ನಾನು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್, ನನ್ನ ಹೆಂಡತಿ ಟೆಲಿಫೋನ್ ಆಪರೇಟರ್. ಬಾಣಂತನ ಮುಗಿಯುವ ಹೊತ್ತಿಗೆ ಅವಳ ಸೊಂಟ ಹಿಡಿದುಕೊಂಡಿತ್ತು. "ಬಿಂದಿಗೆ ಕೂಡ ಎತ್ತಬೇಡಿ" ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಇಬ್ಬರೂ ಕೆಲಸಕ್ಕೆ ಹೋದರೆ ಮಗಳನ್ನು ನೋಡಿಕೊಳ್ಳುವವರು ಯಾರು? ಯಲಹಂಕದಾಚೆ ಅಟ್ಟೂರಿನಲ್ಲಿದ್ದ ನಮ್ಮತ್ತೆ. ಮನೆಯಲ್ಲಿ ಎರಡು ಎಮ್ಮೆ ಇದ್ದದ್ದರಿಂದ ಅವರು ನಮ್ಮಲ್ಲಿಗೆ ಬಂದಿರುವಂತಿರಲಿಲ್ಲ. ಆದ್ದರಿಂದ ಮಗಳೇ ಅಲ್ಲಿರುವುದು, ಶನಿವಾರ ಮಧ್ಯಾಹ್ನ ನಾನು ಹೋಗಿ ಕರೆತರುವುದು, ಭಾನುವಾರ ಸಂಜೆ ಮತ್ತೆ ಬಿಟ್ಟು ಬರುವುದು ಅಂತಾಯಿತು.

ಹೇಳುವುದಕ್ಕೆ ಸುಲಭ. ಅಟ್ಟೂರಿನಿಂದ ಯಲಹಂಕದ ಬಸ್‌ಸ್ಟಾಪಿಗೆ ನಡೆದೇ ಬರಬೇಕು. ಆಟೋದವರಿಗೆ ಆ ಕಡೆ ಹೆಸರು ಹೇಳಿದರೆ ಮುಖ ತಿರುಗಿಸುತ್ತಿದ್ದರು. ಮಗಳೋ, ಎಮ್ಮೆ ಹಾಲು ರಾಗಿ ಸರಿ ಎರಡನ್ನೂ ಮನಸಾರೆ ಒಪ್ಪಿಕೊಂಡವಳು. ಎಡಗೈಯಲ್ಲಿ ಎತ್ತಿಕೊಂಡರೆ ನೂರು ಹೆಜ್ಜೆ, ಬಲಗೈಗೆ ಬದಲಾಯಿಸಿದರೆ ಎಂಬತ್ತು ಹೆಜ್ಜೆ, ಆಮೇಲೆ ಮೈಲಿಗಲ್ಲಿನ ಮೇಲೆ ಕೂತು ಇಬ್ಬರೂ ಸುಧಾರಿಸಿಕೊಳ್ಳುತ್ತಿದ್ದೆವು. ಅವಳಿಗೇಕೆ ಸುಸ್ತಾಗುತ್ತಿತ್ತೋ ಗೊತ್ತಿಲ್ಲ.

ಒಂದು ಶನಿವಾರ ನನ್ನ ಭುಜ ಹಿಡಿದುಕೊಂಡು ಕೈ ಮೇಲೇಳಲಿಲ್ಲ. ಮಗಳನ್ನು ಕರೆತರಲಾಗಲಿಲ್ಲ. ಮಾರನೆಯ ದಿನ ಹೆಂಡತಿಗೆ ಅರ್ಧ ದಿನ ಡ್ಯೂಟಿ. ಬಂದವಳು ಊಟವನ್ನೂ ಮಾಡದೆ, ಮಡಚಿಟ್ಟಿದ್ದ ಮಗಳ ಅಂಗಿಗಳನ್ನೇ ಬಿಚ್ಚಿ ಬಿಚ್ಚಿ ಮತ್ತೆ ಮಡಚುತ್ತಾ ಕೂತಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಗಳನ್ನು ಮೈಗೆ ಕಟ್ಟಿಕೊಂಡು ಬರುವುದಕ್ಕೆ ಏನಾದರೊಂದು ಹುಡುಕಲೇಬೇಕು ಎಂದು ಅವತ್ತು ನಿಶ್ಚಯಿಸಿದೆ.

ತೂಕ

ಹೊರೆ ಎಷ್ಟು ಅಂತ ತಿಳಿಯದೆ ಕಟ್ಟುವ ಪಟ್ಟಿ ಆರಿಸುವುದು ಹೇಗೆ? ಫಿಟ್ಟರ್ ಬುದ್ಧಿ. ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ನರ್ಸಮ್ಮನನ್ನು ತೂಕ ನೋಡಿ ಎಂದು ಕೇಳಿದೆವು. ಮಗಳನ್ನು ತಕ್ಕಡಿಯ ತಟ್ಟೆಯಲ್ಲಿ ಕೂರಿಸಿದರು. ಮುಳ್ಳು ಗಿರ್ರನೆ ತಿರುಗಿ ಹತ್ತರ ಹತ್ತಿರ ಹೋಗಿ ಟಕ್ಕೆಂದು ನಿಂತಿತು. ಇಳಿಸಿದ ಮೇಲೂ ಅಲ್ಲೇ ನಿಂತಿತ್ತು.

"ಇದು ಹತ್ತು ಕೆಜಿ ತನಕ ಮಾತ್ರ ಕಣ್ರೀ" ಎಂದು ನರ್ಸಮ್ಮ ಮುಳ್ಳನ್ನು ಬೆರಳಲ್ಲಿ ತಳ್ಳುತ್ತಾ ಹೇಳಿದರು. "ಎಂಟು ತಿಂಗಳ ಮಗುಗೆ ಇನ್ನೂ ದೊಡ್ಡ ತಕ್ಕಡಿ ನಾವು ಇಟ್ಟಿಲ್ಲ. ಬೇರೆ ಎಲ್ಲಾದ್ರೂ ತೂಗಿಸ್ಕೊಳ್ಳಿ."

ಮನೆ ಹಾದಿಯಲ್ಲಿ ಸೌದೆ ಡಿಪೋ. ಅಲ್ಲಿ ಸರಪಳಿ ಕಟ್ಟಿದ ದೊಡ್ಡ ಹಲಗೆ ತಕ್ಕಡಿ. ಹೆಂಡತಿ ಬೇಡ ಎಂದಳು. ನಾನು ಕೇಳಲಿಲ್ಲ. ಡಿಪೋದವನು ಹಲಗೆಯ ಮೇಲಿನ ಚಕ್ಕೆಯನ್ನೆಲ್ಲ ಕೊಡವಿ, ತನ್ನ ಟವೆಲ್ ಹಾಸಿ, ಮಗಳನ್ನು ಗೌರವದಿಂದ ಕೂರಿಸಿದ. ಆ ಕಡೆ ಹತ್ತರ ಕಲ್ಲು, ಒಂದರ ಕಲ್ಲು, ಕೊನೆಗೆ ಅರ್ಧದ ಕಲ್ಲು ಇಟ್ಟಾಗ ಹಲಗೆಗಳೆರಡೂ ಸಮನಾದವು. ಮಗಳು ಸರಪಳಿ ಹಿಡಿದು ಕುಲುಕುಲು ನಕ್ಕಳು.

"ಹನ್ನೊಂದೂವರೆ" ಎಂದು ಡಿಪೋದವನು ಗಟ್ಟಿಯಾಗಿ ಕೂಗಿ, ಅವಳನ್ನು ಎತ್ತಿ ನನ್ನ ಕೈಗೆ ಕೊಡುವಾಗ ಟವೆಲ್ ಮುಟ್ಟಿ ನೋಡಿದ. ಒಂದು ಕ್ಷಣ ಯೋಚಿಸಿ ಹೇಳಿದ, "ಸ್ವಲ್ಪ ಹಸಿ ಐತೆ ಸಾರ್. ಕಾಲು ಕೆಜಿ ಕಳೆದು ಬರ್ಕೊಳ್ಳಿ."

ಸೀರೆ

ಸೌದೆ ತಕ್ಕಡಿಯ ಸಮಾಚಾರ ನಮ್ಮತ್ತೆಗೆ ಹೇಗೋ ತಲುಪಿತು. ಅವರು ಅಳಿಯನಿಗೆ ನೇರವಾಗಿ ಏನೂ ಅನ್ನುವವರಲ್ಲ. ಅನ್ನಬೇಕಾದ್ದನ್ನೆಲ್ಲ ಮೊಮ್ಮಗಳ ತೊಡೆ ತಟ್ಟುತ್ತಾ, ನನಗೆ ಕೇಳುವಂತೆ ಅವಳಿಗೇ ಹೇಳುತ್ತಿದ್ದರು.

"ನೋಡವ್ವಾ, ನಿಮ್ಮಪ್ಪ ನಿನ್ನ ಸೌದೆ ಜೊತೆ ತೂಗ್ಸಿದ್ನಂತೆ. ಇಂಗೂ ಮಾಡ್ತಾರಾ ಯಾರಾದ್ರೂ? ಊರಿನ ಕಣ್ಣೆಲ್ಲ ನಿನ್ ಮ್ಯಾಲೇ ಬಿದ್ದಿರ್ತದೆ. ನಿಮ್ಮಪ್ಪಂಗೆ ಯೋಳು, ಒತ್ಕೊಂಡೋಗಾಕೆ ತೂಕ ಯಾಕೆ ಬೇಕು, ಒಂದು ಅಳೇ ಸೀರೆ ಸಾಕು ಅಂತ."

ದೃಷ್ಟಿ ತೆಗೆದು, ಮೆಣಸಿನಕಾಯಿ ಒಲೆಗೆ ಹಾಕಿ, ತಮ್ಮದೇ ಹಳೇ ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಮಗಳನ್ನು ನನ್ನ ಬೆನ್ನಿಗೆ ಕಟ್ಟಿದರು. ಎದೆಯ ಮೇಲೆ ಎಂಥ ಗಂಟು ಅಂದರೆ, ಎಮ್ಮೆ ಕಟ್ಟಿದರೂ ಬಿಚ್ಚುತ್ತಿರಲಿಲ್ಲ. ಬಿಸಿಲೆಂದು ಸೆರಗನ್ನು ಮಗಳ ತಲೆಯ ಮೇಲೂ ಹೊದಿಸಿದರು. ನೂರು ಹೆಜ್ಜೆ ನಡೆಯುವುದರಲ್ಲಿ ಅವಳು ನಿದ್ದೆ ಹೋದಳು. ಇನ್ನೂರು ಹೆಜ್ಜೆಗೆ ಸೊಂಟದ ಮಟ್ಟಕ್ಕೆ ಜಾರಿದಳು. ನಾನು ಬಾಗಿ ಬಾಗಿ ನಡೆಯುತ್ತಾ ಹಳೇ ಯಲಹಂಕದ ಒಂದು ಓಣಿಗೆ ಬಂದೆ.

ಜಗಲಿಯ ಮೇಲೆ ಮೂವರು ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ಒಬ್ಬಾಕೆ ಕರೆದರು. "ಏ ಸೀರೆಯವ್ರೇ, ಬನ್ನಿ ಇಲ್ಲಿ. ಏನ್ ತಂದಿದ್ದೀರಾ?"

ಇವತ್ತಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗೆಲ್ಲ ಸೀರೆ ಮಾರುವವರು ಬೆನ್ನ ಮೇಲೆ ಗಂಟು ಹೊತ್ತು ಮನೆ ಮನೆಗೆ ಬರುತ್ತಿದ್ದರು. ಹೀಗೇ ಬಾಗಿ ನಡೆಯುತ್ತಿದ್ದರು.

"ಸೀರೆಯವನಲ್ಲಮ್ಮ" ಎಂದೆ.

"ಅಂಚು ಕಾಣ್ತಾ ಐತಲ್ಲಪ್ಪ, ಇಳಕಲ್ಲು. ಇಳ್ಸಿ, ಸುಮ್ನೆ ನೋಡ್ತೀವಿ. ತಗೊಂಡೇ ತಗೋತೀವಿ ಅಂತ ಏನಿಲ್ಲ."

"ಇದು ಮಾರೋದಲ್ಲ."

"ಮಾರೋದಲ್ದೆ ಮತ್ಯಾಕೆ ಬೀದಿ ಬೀದಿ ಒತ್ಕೊಂಡ್ ತಿರುಗ್ತೀರಾ?" ಎಂದು ಇನ್ನೊಬ್ಬಾಕೆ ಎದ್ದು ಬಂದೇ ಬಿಟ್ಟರು. ಸೆರಗು ಎತ್ತಿದರು. ಒಳಗೆ ಉಬ್ಬಿದ ಎರಡು ಕೆನ್ನೆ, ನಿದ್ದೆಗೆಟ್ಟ ಎರಡು ಕಣ್ಣು. ಆಮೇಲೆ ಮೂವರೂ ಅವರೆಕಾಯಿ ಮೊರ ಬದಿಗಿಟ್ಟು, ನಕ್ಕು ನಕ್ಕು, ಗಂಟು ಬಿಚ್ಚಿ, ನನಗೆ ಮಜ್ಜಿಗೆ ಕೊಟ್ಟು, ಮಗಳನ್ನು ಕೈಯಿಂದ ಕೈಗೆ ಸಾಗಿಸಿ ಮತ್ತೆ ಭದ್ರವಾಗಿ ಕಟ್ಟಿ ಕಳಿಸಿದರು. ಓಣಿ ದಾಟುವಾಗ ಹಿರಿಯಾಕೆ ಹಿಂದಿನಿಂದ ಕೂಗಿದರು, "ಮುಂದಿನ ವರ್ಷ ಹೊಸ ಮಾಲು ಬಂದ್ರೆ ಈ ಕಡೆ ತೋರ್ಸ್ಕೊಂಡ್ ಹೋಗಪ್ಪಾ!"

ಸೌದಿ ಮಾಲು

ಸೀರೆಯ ಗಂಟು ಎದೆಗೆ ಒತ್ತಿ ಒತ್ತಿ ಬಾಸುಂಡೆ ಬಂದಿತ್ತು. ಅದನ್ನು ನೋಡಿ ಮರುಗಿದವರು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಪಕ್ಕದ ಮನೆಯವರು. ಮನೆಯಲ್ಲಿ ಉರ್ದು, ನಮ್ಮ ಜೊತೆ ಉರ್ದುವಿನ ಒಗ್ಗರಣೆ ಹಾಕಿದ ಕನ್ನಡ. ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಗೆಲ್ಲ ಲಂಗ ರವಿಕೆ ಹೊಲಿದುಕೊಡುತ್ತಿದ್ದರು.

"ಕೈಕು ಫಿಕರ್ ಮಾಡ್ತೀರಾ? ನಮ್ಮ ಭಾಯ್ ಸೌದಿ ಇಂದ ಬಂದಿದ್ದಾರೆ. ಬಚ್ಚಾಗೆ ಹಾಕೋದು ಬೆಲ್ಟು ತಂದಿದ್ದಾರೆ. ಅವರ ಬಚ್ಚಾ ಈಗ ಓಡೋಕೆ ಶುರು ಮಾಡಿದೆ, ಬೇಡ. ನೀವು ತಗೊಳ್ಳಿ."

ನೀಲಿ ಬಟ್ಟೆ, ಮೆತ್ತನೆ ಪಟ್ಟಿ, ಹೊಳೆಯುವ ಕೊಂಡಿ. ಕೆಳಗೆ ಕಾಲು ಹೊರಗೆ ಬಿಡಲು ಎರಡು ತೂತು. ನಾನು ಪರದೇಶದ ವಸ್ತುವನ್ನು ಮುಟ್ಟಿದ್ದು ಅದೇ ಮೊದಲು. ಖಾಲಾ ಅವರ ನಡುಮನೆಯಲ್ಲೇ ಪ್ರಯೋಗ. ಮಗಳ ಬಲಗಾಲು ತೂರಿಸಿದೆವು. ತೊಡೆಯ ಅರ್ಧಕ್ಕೆ ನಿಂತಿತು. ಖಾಲಾ ಸ್ವಲ್ಪ ಒತ್ತಿದರು, ಬುಳಕ್ಕನೆ ಒಳಗೆ ಹೋಯಿತು. ಎಡಗಾಲೂ ಹಾಗೇ. ನಾನು ಹೆಗಲಿಗೆ ಹಾಕಿಕೊಂಡು ಮನೆಯ ಉದ್ದಗಲ ನಡೆದೆ. ಸ್ವರ್ಗ. ಹೆಂಡತಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು.

ತೆಗೆಯುವಾಗ ಕಾಲು ಹೊರಗೆ ಬರಲಿಲ್ಲ.

ನಾನು ಮಗಳನ್ನು ಮೇಲಕ್ಕೆ ಎಳೆದೆ, ಹೆಂಡತಿ ಬೆಲ್ಟನ್ನು ಕೆಳಕ್ಕೆ ಎಳೆದಳು. ಮಗಳು ಇದೊಂದು ಆಟವೆಂದು ತಿಳಿದು ಕೇಕೆ ಹಾಕಿದಳು. ಬಳೆಗಾರರು ಕೈಗೆ ಸೋಪು ಹಚ್ಚುವ ಹಾಗೆ ಖಾಲಾ ಅವಳ ತೊಡೆಗೆ ಸೋಪು ಹಚ್ಚಿದರು. ಜಾರಿದ್ದು ಖಾಲಾ ಅವರ ಕೈಯೇ. ಕೊಬ್ಬರಿ ಎಣ್ಣೆ ಹಚ್ಚಿದರು. ಒಂದು ಕಾಲು ಬಂತು. ಅದರ ಸಂತೋಷದಲ್ಲಿ ಮೈಮರೆತಾಗ ಮಗಳು ಅದನ್ನು ಮತ್ತೆ ತಾನೇ ಒಳಗೆ ತೂರಿಸಿಕೊಂಡಳು. ಕೊನೆಗೆ ಖಾಲಾ ಬಿಸ್ಮಿಲ್ಲಾ ಎಂದು ಕತ್ತರಿ ತೆಗೆದುಕೊಂಡರು. ಸೌದಿಯ ನೀಲಿ ಬಟ್ಟೆ ಚರ್ರೆಂದು ಎರಡಾಯಿತು.

ಅಷ್ಟು ಹೊತ್ತಿಗೆ ಭಾಯ್ ಒಳಗೆ ಬಂದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಹರಿದ ಬೆಲ್ಟನ್ನು ನೋಡಿದರು, ಎಣ್ಣೆಯಲ್ಲಿ ಮಿಂಚುತ್ತಿದ್ದ ತೊಡೆಗಳನ್ನು ನೋಡಿದರು.

"ಈ ಬಚ್ಚಾ ಏನು ತಿನ್ನುತ್ತೆ?"

"ರಾಗಿ ಸರಿ."

"ತೋ ಫಿರ್!" ಎಂದು ನಿಟ್ಟುಸಿರಿಟ್ಟರು. "ಇದು ಪೆಟ್ರೋಲ್ ದೇಶದ ಮಾಲು ಸಾಬ್. ರಾಗಿ ಮುಂದೆ ಹೆಂಗೆ ನಿಲ್ಲುತ್ತೆ?"

ಸೀಟ್ ಕವರ್

ಕಾರ್ಖಾನೆಯಲ್ಲಿ ಈ ಕಥೆ ಕೇಳಿದ ನಮ್ಮ ಸೆಕ್ಷನ್ನಿನ ವೆಲ್ಡರ್ ಹೇಳಿದ, "ಗುರೂ, ಇದು ಟೈಲರ್ ಕೆಲ್ಸ ಅಲ್ಲ. ಲೋಡ್ ವಿಷಯ. ಗೊರಗುಂಟೆಪಾಳ್ಯದಲ್ಲಿ ಲಾರಿಗೆ ಸೀಟ್ ಹೊಲಿಯೋ ಮೇಸ್ತ್ರಿ ಇದ್ದಾನೆ. ನನ್ ಹೆಸ್ರು ಹೇಳು."

ಮೇಸ್ತ್ರಿ ಒಂದು ಲಾರಿಯ ಕೆಳಗಿನಿಂದಲೇ ಮಾತಾಡಿದ.

"ಯಾವ್ ಗಾಡಿ?"

"ಗಾಡಿ ಅಲ್ಲ. ಮಗು."

ಮೇಸ್ತ್ರಿಗೆ ಏನೂ ಆಶ್ಚರ್ಯವಾದಂತೆ ಕಾಣಲಿಲ್ಲ. "ಲೋಡ್ ಎಷ್ಟು?"

"ಹನ್ನೊಂದೂವರೆ ಕೆಜಿ."

"ಮುಂದ್ಗಡೆ ಲೋಡಾ, ಹಿಂದ್ಗಡೆ ಲೋಡಾ?"

"ಹಿಂದ್ಗಡೆ."

"ಮುಂದಿನ ಶುಕ್ರವಾರ ಬನ್ನಿ."

ಹೋದೆ. ಕೆಂಪು ರೆಕ್ಸಿನ್, ಹಳದಿ ಅಂಚು, ಒಳಗೆ ಎರಡಂಗುಲ ಫೋಮು, ಅಂಚಿನುದ್ದಕ್ಕೂ ಕಪ್ಪು ಕುಚ್ಚು. ಭುಜದ ಪಟ್ಟಿಗೆ ಕಬ್ಬಿಣದ ಬಕಲ್. ಎತ್ತಿ ನೋಡಿದರೆ ಅದೊಂದೇ ನಾಲ್ಕು ಕೆಜಿ ಇತ್ತು.

"ಸ್ವಲ್ಪ ಭಾರ ಅಲ್ವಾ ಮೇಸ್ತ್ರಿ?"

"ಗಾಡಿ ಗಟ್ಟಿ ಇದ್ರೆ ತಾನೇ ಸಾರ್ ಲೋಡ್ ನಿಲ್ಲೋದು? ಐದು ವರ್ಷ ಏನೂ ಆಗಲ್ಲ. ಹಿಂದ್ಗಡೆ ಒಂದು ಡಿಸೈನು ಬೇರೆ ಹಾಕ್ಸಿದ್ದೀನಿ, ನಮ್ ಪೇಂಟರ್ ಕೈಲಿ. ಫ್ರೀ!"

ಮಳೆ ಬರುವ ಹಾಗಿತ್ತು, ಡಿಸೈನ್ ನೋಡದೆ ಸುತ್ತಿಕೊಂಡು ಬಂದುಬಿಟ್ಟೆ. ಶನಿವಾರ ಅಟ್ಟೂರಿನಲ್ಲಿ ಅತ್ತೆ ಅದನ್ನು ನೋಡಿ ಮಗಳಿಗೆ ಹೇಳಿದರು, "ನಿಮ್ಮಪ್ಪ ಲಾರಿ ತಗೊಂಡ ಕಣವ್ವಾ." ಕಟ್ಟಿಕೊಂಡು ಹೊರಟೆ. ಒಟ್ಟು ಹದಿನೈದೂವರೆ ಕೆಜಿ. ರೆಕ್ಸಿನ್ನಿಗೆ ಇಬ್ಬರ ಬೆವರೂ ಅಂಟಿ, ಹೆಜ್ಜೆಗೊಂದು ಸಲ ಪಚಕ್ ಪಚಕ್ ಸದ್ದು.

ಹೊಸ ಸೈಟುಗಳ ಕಲ್ಲು ನೆಟ್ಟಿದ್ದ ಬಯಲಿನ ಹತ್ತಿರ ಹಿಂದಿನಿಂದ ಟ್ರಿಣ್ ಟ್ರಿಣ್ ಎಂದು ಸೈಕಲ್ ಬೆಲ್ಲು. ಪಕ್ಕಕ್ಕೆ ಸರಿದೆ. ಮತ್ತೆ ಟ್ರಿಣ್ ಟ್ರಿಣ್. ಇನ್ನೂ ಸರಿದು ಜಾಲಿ ಮುಳ್ಳಿಗೆ ತಾಗಿದೆ. ಟ್ರಿಣ್ ಟ್ರಿಣ್ ಟ್ರಿಣ್. ಇಡೀ ರಸ್ತೆ ಖಾಲಿ ಇದೆ, ಹೋಗುವುದಕ್ಕೇನು ಇವನಿಗೆ? ರೇಗಿ ತಿರುಗಿದೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಮುದುಕರೊಬ್ಬರು ಸೈಕಲ್ ಇಳಿದು, ವಿನಯವಾಗಿ ನಿಂತಿದ್ದರು.

"ಯಾಕ್ರೀ ಯಜಮಾನ್ರೇ ಆಗ್ಲಿಂದ ಬೆಲ್ ಹೊಡೀತಾನೇ ಇದ್ದೀರಾ?"

"ನಂದೇನೈತೆ ಸ್ವಾಮಿ" ಎಂದರು ಅವರು ನನ್ನ ಬೆನ್ನ ಕಡೆ ಬೆರಳು ತೋರಿಸಿ. "ನೀವೇ ಬರ್ಸಿದ್ದೀರಲ್ಲಾ, ದಯವಿಟ್ಟು ಹಾರನ್ ಮಾಡಿ ಅಂತ."

ಮಳೆ ಕೋಟು

ಕೊನೆಗೆ ದಾರಿ ತೋರಿಸಿದವಳು ಹೆಂಡತಿ. ಒಂದು ಭಾನುವಾರ ಅವಳು ನನ್ನ ಜೊತೆ ಅಟ್ಟೂರಿಗೆ ಬಂದಿದ್ದಳು. ಬಾವಿಯಿಂದ ನೀರು ತರುತ್ತಿದ್ದ ತಾಯಿಯನ್ನೇ ನೋಡುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು, "ರೀ, ಅಮ್ಮ ಬಿಂದಿಗೇನ ಸೊಂಟದ ಮೇಲೆ ಇಟ್ಕೊಂಡು ಎಷ್ಟು ದೂರ ಬರ್ತಾಳೆ ನೋಡಿ. ನಾವು ಇಷ್ಟು ದಿನಾನೂ ಭಾರಾನೆಲ್ಲ ನಿಮ್ಮ ಭುಜಕ್ಕೇ ಹಾಕ್ತಿದ್ವಿ. ಸೊಂಟಕ್ಕೆ ಇಳಿಸಬೇಕು."

ನಾನು ಫಿಟ್ಟರ್, ಹೊಳೆಯಬೇಕಾದ್ದು ನನಗೆ. ಇರಲಿ. ಖಾಲಾ ಮಿಷನ್ ಮುಂದೆ ಕೂತರು. ಹಾಸಿಗೆ ಹೊಲಿಯುವ ಗೀಟು ಗೀಟಿನ ದಪ್ಪ ಬಟ್ಟೆ, ಸೊಂಟಕ್ಕೆ ಒಂದು ಗೇಣು ಅಗಲದ ಪಟ್ಟಿ, ಬೆನ್ನ ಮೇಲೆ ಅಡ್ಡಡ್ಡ ಹಾಯುವ ಎರಡು ಅಗಲ ಪಟ್ಟಿ, ಒಳಗೆ ಹತ್ತಿ. ಕಾಲಿಗೆ ತೂತಿಲ್ಲ, ಎರಡೂ ಬದಿ ಧಾರಾಳವಾಗಿ ತೆರೆದದ್ದು. ಮಗಳು ನನ್ನ ಎದೆಗೆ ಎದುರಾಗಿ, ಕಪ್ಪೆಯ ಹಾಗೆ ಕಾಲಗಲಿಸಿ ಕೂತಳು. ಮೊದಲ ದಿನ ಅಟ್ಟೂರಿನಿಂದ ಯಲಹಂಕದ ಸ್ಟಾಪಿಗೆ ಒಂದು ಸಲವೂ ಕೂರದೆ ನಡೆದುಬಂದೆ. ಭುಜ ನೋಯಲಿಲ್ಲ. ಅವಳ ತಲೆ ನನ್ನ ಗದ್ದದ ಕೆಳಗೆ, ಉಸಿರು ನನ್ನ ಕುತ್ತಿಗೆಗೆ. ಇಷ್ಟು ದಿನ ನಾನು ಅವಳನ್ನು ಸಾಗಿಸುತ್ತಿದ್ದೆ, ಅವತ್ತು ಅವಳ ಜೊತೆ ನಡೆದುಬಂದೆ ಅನ್ನಿಸಿತು.

ಮಳೆಗಾಲ ಬಂತು. ಒಂದು ಶನಿವಾರ ಅಟ್ಟೂರು ಬಿಡುವಾಗಲೇ ಜಿಟಿಜಿಟಿ. ಮಗಳು ಎದೆಗೊರಗಿ ನಿದ್ದೆ ಹೋಗಿದ್ದಳು. ಅವಳನ್ನೂ ಸೇರಿಸಿ ನನ್ನ ದೊಡ್ಡ ಮಳೆ ಕೋಟಿನ ಗುಂಡಿ ಹಾಕಿಕೊಂಡೆ. ಗಾಳಿಯಾಡಲೆಂದು ಮೇಲಿನ ಎರಡು ಗುಂಡಿ ಬಿಟ್ಟು, ತಲೆ ನೆನೆಯದಂತೆ ಮಫ್ಲರಿನ ತುದಿ ಇಳಿಬಿಟ್ಟೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಟಿಕೆಟ್ ತೆಗೆದುಕೊಂಡು ಕೂತೆ.

ಜಕ್ಕೂರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಹೊಟ್ಟೆಯನ್ನೇ ನೋಡತೊಡಗಿದರು. ಬಿಳಿ ಪಂಚೆ, ದಪ್ಪ ಕನ್ನಡಕ, ಮಡಿಲಲ್ಲಿ ಕೊಡೆ. ಬ್ಯಾಟರಾಯನಪುರ ಬರುವ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

"ತಪ್ಪು ತಿಳೀಬೇಡಿ. ಕೈ ಕಾಲೆಲ್ಲ ಸಣ್ಣಗಿದ್ದೀರಾ. ಹೊಟ್ಟೆ ಮಾತ್ರ ಹೀಗೆ. ಎಷ್ಟು ದಿನ ಆಯ್ತು?"

ನಾನು ಮಗಳ ವಯಸ್ಸು ಕೇಳುತ್ತಿದ್ದಾರೆ ಎಂದುಕೊಂಡೆ. "ಹನ್ನೊಂದು ತಿಂಗಳು ಸಾರ್."

"ಹನ್ನೊಂದು ತಿಂಗಳಾ! ಡಾಕ್ಟರಿಗೆ ತೋರಿಸಿದ್ರಾ?"

"ತಿಂಗಳಿಗೊಂದು ಸಲ ತೋರಿಸ್ತೀವಿ. ಎಲ್ಲಾ ಚೆನ್ನಾಗಿದೆ ಅಂತಾರೆ."

"ಚೆನ್ನಾಗಿದೆಯಾ? ಈಗಿನ ಡಾಕ್ಟರುಗಳೇ ಹಾಗೆ" ಎಂದು ಅವರು ಹಣೆ ಚಚ್ಚಿಕೊಂಡರು. "ಇದು ಶುದ್ಧ ವಾಯು. ನಮ್ಮ ಭಾವನಿಗೂ ಹೀಗೇ ಇತ್ತು. ರಾತ್ರಿ ತೊಂದ್ರೆ ಕೊಡುತ್ತಾ?"

"ಒಂದೆರಡು ಸಲ ಎಬ್ಬಿಸುತ್ತೆ. ಹಾಲು ಕುಡಿದ ಮೇಲೆ ಸುಮ್ಮನಾಗುತ್ತೆ."

"ಹಾಲು ಮೊದಲು ಬಿಡಿ! ಜೀರಿಗೆ ಕಷಾಯ ಕುಡೀರಿ."

ನನಗೆ ಯಾಕೋ ಅನುಮಾನ ಬಂತು. ಅಷ್ಟರಲ್ಲಿ ಮಗಳು ನಿದ್ದೆಯಲ್ಲೇ ಒಂದು ಸಲ ಒದ್ದಳು. ಕೋಟು ಎಡಗಡೆಯಿಂದ ಬಲಗಡೆಗೆ ಉಬ್ಬಿ ಇಳಿಯಿತು. ಹಿರಿಯರು ಬೆಚ್ಚಿ ಹಿಂದಕ್ಕೆ ಸರಿದರು.

"ನೋಡಿದ್ರಾ! ಓಡಾಡ್ತಾ ಇದೆ!" ಎಂದು ಮುಂದಿನ ಸೀಟಿನವರಿಗೂ ತೋರಿಸಿದರು. ನಾಲ್ಕಾರು ಜನ ತಿರುಗಿದರು. ಹಿರಿಯರು ಬಗ್ಗಿ, ವೈದ್ಯರ ಹಾಗೆ ಕಿವಿಯನ್ನು ನನ್ನ ಕೋಟಿನ ಹತ್ತಿರ ತಂದರು. "ಒಳಗೆ ಗೊರಗೊರ ಅಂತಿದೆ..."

"ಸಾರ್, ಅದು ವಾಯು ಅಲ್ಲ..." ಎಂದು ನಾನು ಬಾಯಿ ತೆರೆಯುವುದಕ್ಕೂ, ಹೆಬ್ಬಾಳದ ಹತ್ತಿರ ಬಸ್ಸು ಗುಂಡಿಗೆ ಬಿದ್ದು ಕುಲುಕುವುದಕ್ಕೂ ಸರಿಹೋಯಿತು. ಬಿಚ್ಚಿದ್ದ ಎರಡು ಗುಂಡಿಗಳ ನಡುವಿನಿಂದ ಬಳೆ ಹಾಕಿದ ಒಂದು ಗುಂಡು ಕೈ ಹೊರಗೆ ಬಂತು. ಒಂದು ಸಲ ಗಾಳಿಯಲ್ಲಿ ತಡಕಾಡಿತು. ಹಿರಿಯರ ಕನ್ನಡಕ ಸಿಕ್ಕಿತು. ಹಿಡಿದುಕೊಂಡು, ಬಂದ ಹಾಗೇ ಕೋಟಿನೊಳಗೆ ಹೋಯಿತು.

ಹಿರಿಯರು ಕಣ್ಣು ಕಿರಿದು ಮಾಡಿಕೊಂಡು ಕೊಡೆಯನ್ನು ಎದೆಗವಚಿಕೊಂಡು ಕೂತುಬಿಟ್ಟರು. ನಾನು ಅವಸರದಲ್ಲಿ ಕೋಟು ಬಿಚ್ಚಿದೆ. ಮಗಳು ಕನ್ನಡಕದ ಕಡ್ಡಿ ಬಾಯಲ್ಲಿಟ್ಟುಕೊಂಡು ಎಲ್ಲರನ್ನೂ ಒಂದು ಸುತ್ತು ನೋಡಿದಳು. ಇಡೀ ಬಸ್ಸು ಘೊಳ್ಳೆಂದಿತು. ಕನ್ನಡಕ ಒರೆಸಿ ಕೊಟ್ಟು ಕೈಮುಗಿದೆ. ಹಿರಿಯರು ಹಾಕಿಕೊಂಡು, ಅವಳ ಕೆನ್ನೆ ಹಿಂಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಗಂಗಾನಗರದ ಸ್ಟಾಪಿನಲ್ಲಿ ಹೆಂಡತಿ ಕೊಡೆ ಹಿಡಿದು ಕಾಯುತ್ತಿದ್ದಳು. ನಾನು ಇಳಿಯಲು ಎದ್ದೆ. ಅಷ್ಟು ಹೊತ್ತೂ ಹಿಂದಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದು ಏನೂ ನೋಡಿರದ ಕಂಡಕ್ಟರ್ ನನ್ನನ್ನೂ ಮಗಳನ್ನೂ ಮೇಲಿಂದ ಕೆಳಗೆ ನೋಡಿ, ಸೀಟಿ ಬಾಯಿಂದ ತೆಗೆದ.

"ಏನ್ಸಾರ್ ಇದು? ಯಲಹಂಕದಲ್ಲಿ ಒಬ್ರೇ ಹತ್ತಿದ್ರಲ್ಲಾ! ಒಂದು ಮಾತು ಹೇಳಿದ್ರೆ ಗಾಡಿ ಸೀದಾ ಹೆರಿಗೆ ಆಸ್ಪತ್ರೆಗೇ ಬಿಡಿಸ್ತಿದ್ನಲ್ಲಾ!"